ಗುಡ್ಡದಿಂದ ಗುಡ್ಡಕ್ಕೆ ಬೆಳಕಿನ ಮೂಲಕ ಇಂಟರ್ನೆಟ್

ಪ್ರಶ್ನೆ (ಕೃಷಿಕ, ಪೆರ್ಲ):
ನಮ್ಮ ವಾಚನಾಲಯಕ್ಕೆ ಬಂದಿರುವ ಫೈಬರ್ ಸಂಪರ್ಕವನ್ನು ಕಣಿವೆಯಾಚೆ ಸುಮಾರು 900 ಮೀಟರ್ ದೂರದಲ್ಲಿರುವ ಎಂಟು ಮನೆಗಳಿಗೆ ಹಂಚಬೇಕೆಂದಿದ್ದೇವೆ. ನಡುವೆ ಇರುವುದೆಲ್ಲ ಅಡಿಕೆ ತೋಟ. ಜೆಕ್ ದೇಶದಲ್ಲಿ ರೂಪುಗೊಂಡ ರೋಂಜಾ ಎಂಬ, ಬೆಳಕಿನ ಕಿರಣದಲ್ಲಿ ದತ್ತಾಂಶ ಕಳಿಸುವ ಎಲ್‌ಇಡಿ ಸಾಧನವನ್ನು ನಾವೇ ಜೋಡಿಸಿಕೊಂಡರೆ, ಅದು ನಮ್ಮ ಮಳೆಗಾಲವನ್ನು ತಾಳೀತೇ?

ಉತ್ತರ (ನಿವೃತ್ತ ಅಧ್ಯಾಪಕ, ಬದಿಯಡ್ಕ):
ರೋಂಜಾದ ವಿನ್ಯಾಸ ಎಲ್ಲರಿಗೂ ಮುಕ್ತವಾಗಿದ್ದು, ಸೆಕೆಂಡಿಗೆ 10 ಮೆಗಾಬಿಟ್ ವೇಗದಲ್ಲಿ 1.4 ಕಿಲೋಮೀಟರ್‌ವರೆಗೆ ಎರಡೂ ದಿಕ್ಕಿಗೆ ಏಕಕಾಲದಲ್ಲಿ ದತ್ತಾಂಶವನ್ನು ಸಾಗಿಸುತ್ತದೆ. ಮಳೆಗಿಂತ ಮಂಜೇ ಅದಕ್ಕೆ ದೊಡ್ಡ ಶತ್ರು; ಏಕೆಂದರೆ ಮಂಜಿನ ಅಸಂಖ್ಯ ಸೂಕ್ಷ್ಮ ಹನಿಗಳು ಬೆಳಕನ್ನು ಎಲ್ಲೆಡೆಗೆ ಚದುರಿಸಿಬಿಡುತ್ತವೆ. ಮಸೂರವು ಪೂರ್ವಕ್ಕೋ ಪಶ್ಚಿಮಕ್ಕೋ ಮುಖಮಾಡಿದ್ದರೆ ಎಚ್ಚರವಿರಲಿ, ಇಳಿಬಿಸಿಲು ನೇರವಾಗಿ ಒಳಹೊಕ್ಕು, ಬರುವ ಬೆಳಕನ್ನು ಗ್ರಹಿಸುವ ಫೋಟೊಡಯೋಡನ್ನು ಸುಟ್ಟೀತು.

ಉತ್ತರ (ನೀರ್ಚಾಲು):
ಮಾಷ್ಟ್ರು ಹೇಳಿದ್ದು ಸರಿ. ಆದರೆ ನಮ್ಮನ್ನು ಸೋಲಿಸಿದ್ದು ಮಂಜಲ್ಲ, ಗಾಳಿ. ಸಾಧನವನ್ನು ಅಡಿಕೆ ಮರಕ್ಕೆ ಕಟ್ಟಿದ್ದೆವು. ಮರ ತೂಗಿದಾಗಲೆಲ್ಲ ಎದುರಿನ ಮಾಳಿಗೆಯಿಂದ ಕಾಣುತ್ತಿದ್ದ ಕೆಂಪು ಬೆಳಕು ಮಿಣುಕಿ ಆರಿಹೋಗುತ್ತಿತ್ತು. ಮುರಕಲ್ಲಿನ ಗೋಡೆಗೇ ಬೋಲ್ಟ್ ಹಾಕಿ ಬಿಗಿಯಿರಿ.

ಉತ್ತರ (ಮುಳ್ಳೇರಿಯ):
ಎಂಟು ಮನೆಗಳಿಗೆ 10 ಮೆಗಾಬಿಟ್ ಇಂದು ಸಾಲದು. ಭಾರತದಲ್ಲಿ 5 ಗಿಗಾಹರ್ಟ್ಸ್ ರೇಡಿಯೊ ತರಂಗಪಟ್ಟಿಯ ಬಹುಭಾಗ 2018ರಲ್ಲಿ ಪರವಾನಗಿಮುಕ್ತವಾದ ಮೇಲೆ ರೇಡಿಯೊ ಸಂಪರ್ಕವೇ ಸುಲಭ. ಕಲಿಕೆಗಾಗಿಯಾದರೆ ರೋಂಜಾವನ್ನು ಖಂಡಿತ ಕಟ್ಟಿ ನೋಡಿರಿ.