ತಡವಾಗಿ ಬರುವ ಹುಡುಗನನ್ನು ಹೊರಗೆ ನಿಲ್ಲಿಸುವುದು ಸರಿಯಾ?

ಗಣಿತ ಟೀಚರ್, ತಿಪಟೂರು ಕಡೆ:
ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ಏಳನೇ ತರಗತಿಯಲ್ಲಿ ಒಬ್ಬ ಹುಡುಗ ಇದ್ದಾನೆ. ವಾರದಲ್ಲಿ ನಾಲ್ಕು ದಿನ ತಡ. ಪ್ರಾರ್ಥನೆ, ನಾಡಗೀತೆ ಎಲ್ಲ ಮುಗಿದು, ನಾನು ಹಾಜರಿ ಕೂಗಿದ ಮೇಲೆ ಬಾಗಿಲ ಹತ್ತಿರ ಬಂದು ನಿಲ್ಲುತ್ತಾನೆ. ಮನೆ ಐದು ನಿಮಿಷದ ದಾರಿ. ಯಾಕೋ ಲೇಟು ಅಂದರೆ ತಲೆ ತಗ್ಗಿಸುತ್ತಾನೆ, ಬಾಯಿ ಬಿಡುವುದಿಲ್ಲ.

ನಾನು ಕೋಲು ಹಿಡಿಯುವವಳಲ್ಲ. ಬಸ್ಕಿ ಹೊಡೆಸುವುದೂ ಇಲ್ಲ. ಅದಕ್ಕೇ ಮೊದಲ ಪೀರಿಯಡ್ ಮುಗಿಯುವ ತನಕ ಹೊರಗೆ ನಿಲ್ಲಿಸುತ್ತಿದ್ದೆ. ಮೂರು ವಾರ ಆಯ್ತು, ಏನೂ ಬದಲಾಗಿಲ್ಲ. ಅವನ ಅಪ್ಪನನ್ನು ಕರೆಸಿದೆ. "ಕಣ್ಣೆರಡು ಬಿಟ್ಟು ಎಲ್ಲಿ ಬೇಕಾದರೂ ಹೊಡೀರಿ ಮಿಸ್" ಅಂದು ಕೈಮುಗಿದು ಹೋದರು. ಸ್ಟಾಫ್ ರೂಮಿನಲ್ಲಿ ಒಬ್ಬರು ಟಿಸಿ ಕೊಟ್ಟು ಕಳಿಸಿ ಅನ್ನುತ್ತಾರೆ. ಸುಮ್ನೆ ಒಳಗೆ ಬಿಟ್ಟರೆ ಉಳಿದ ಮಕ್ಕಳು "ಅವನಿಗೊಂದು ರೂಲ್ಸು, ನಮಗೊಂದಾ ಮಿಸ್?" ಅಂತ ಕೇಳುತ್ತಾರೆ. ಅವರು ಕೇಳುವುದೂ ನ್ಯಾಯವೇ ಅಲ್ವಾ? ಏನು ಮಾಡಲಿ?

ನಿವೃತ್ತ ಹೆಡ್‌ಮಾಸ್ಟರ್:
ಟಿಸಿ ಮಾತು ಮೊದಲು ಬಿಡಿ. ಶಿಕ್ಷಣ ಹಕ್ಕು ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ಎಂಟನೇ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ. 2019ರ ತಿದ್ದುಪಡಿಯಿಂದ ಬದಲಾಗಿದ್ದು ಫೇಲ್ ಮಾಡುವ ವಿಚಾರ ಮಾತ್ರ. ಇನ್ನು 17ನೇ ಸೆಕ್ಷನ್ ಹೊಡೆತದ ಜೊತೆಗೆ ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ. ಅಪ್ಪ ಒಪ್ಪಿಗೆ ಕೊಟ್ಟರೂ ಹೊಡೆಯುವ ಅಧಿಕಾರ ನಮಗೆ ಬರುವುದಿಲ್ಲ.

ನಾನು ಸರ್ವಿಸಿಗೆ ಸೇರಿದಾಗ ಮೇಜಿನ ಮೇಲೆ ಬೆತ್ತ ಇರಲೇಬೇಕಿತ್ತು. ನಾನೂ ಹೊಡೆದಿದ್ದೇನೆ. 2010ರ ಏಪ್ರಿಲ್‌ನಲ್ಲಿ ಕಾಯ್ದೆ ಜಾರಿಗೆ ಬಂದಾಗ, ಇನ್ನು ಕ್ಲಾಸು ಕೈಗೆ ಸಿಗೋದಿಲ್ಲ ಅಂತ ಹೆದರಿದ್ದೆ. ಮೊದಲ ಕೆಲವು ತಿಂಗಳು ನಿಜಕ್ಕೂ ಕಷ್ಟವಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಅಲ್ಲಿಂದಾಚೆಗೇ ನಾನು ಮಕ್ಕಳನ್ನು 'ಯಾಕೆ' ಅಂತ ಕೇಳಲು ಕಲಿತಿದ್ದು. ಬೆತ್ತ ಇದ್ದಾಗ ಅದರ ಅಗತ್ಯವೇ ಬಿದ್ದಿರಲಿಲ್ಲ.

ಒಂದು ಕಾಲದ ಲೇಟ್ ಲತೀಫ್:
ಮಿಸ್, ಒಂದು ವಿಷಯ ಕೇಳುತ್ತೇನೆ. ಅವನು ಯಾವ ಯಾವ ದಿನ ತಡವಾಗಿ ಬರುತ್ತಾನೆ, ಟೈಮ್‌ಟೇಬಲ್ ಜೊತೆ ಇಟ್ಟು ನೋಡಿದ್ದೀರಾ?

ಆರನೇ ಕ್ಲಾಸಿನಲ್ಲಿ ನಾನೂ ಹೀಗೇ ಮಾಡುತ್ತಿದ್ದೆ. ನನಗೆ ಭಾಗಾಕಾರ ಬರುತ್ತಿರಲಿಲ್ಲ. ಬೋರ್ಡಿಗೆ ಕರೆದರೆ ಸೀಮೆಸುಣ್ಣ ಹಿಡಿದು ಸುಮ್ಮನೆ ನಿಲ್ಲಬೇಕು, ಹಿಂದಿನಿಂದ ಎಲ್ಲರೂ ನಗುವುದು ಕೇಳಬೇಕು. ಅದಕ್ಕಿಂತ ಹೊರಗಿನ ಹೊಂಗೆ ಮರದ ನೆರಳು ಎಷ್ಟೋ ಮೇಲು. ಬೇಕಂತಲೇ ಅರಳಿಕಟ್ಟೆ ಹತ್ತಿರ ಕಾಯುತ್ತಿದ್ದೆ, ಗಂಟೆ ಹೊಡೆದ ಮೇಲೆ ನಿಧಾನಕ್ಕೆ ಬರುತ್ತಿದ್ದೆ. ಮೇಷ್ಟ್ರು ಶಿಕ್ಷೆ ಅಂದುಕೊಂಡು ಕೊಡುತ್ತಿದ್ದದ್ದು ನನಗೆ ಬಿಡುಗಡೆ ಆಗಿತ್ತು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಎರಡು ಸಲ ಹೋಯಿತು. ಆ ಹೊರಗೆ ನಿಂತ ದಿನಗಳ ಲೆಕ್ಕ ಈಗಲೂ ನನ್ನನ್ನು ಕಾಡುತ್ತದೆ.

ಎರಡು ಮಕ್ಕಳ ತಾಯಿ, ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯೆ:
ಮೇಲಿನವರ ಮಾತು ಒಪ್ಪುತ್ತೇನೆ, ಆದರೂ ಪೂರ್ತಿ ಬಿಟ್ಟುಬಿಡಿ ಅಂತ ನಾನು ಹೇಳುವುದಿಲ್ಲ. ಹುಡುಗನಿಗೂ ಜವಾಬ್ದಾರಿ ಇದೆ. ತಪ್ಪಿದ ಪಾಠವನ್ನು ಅವನೇ ಅವತ್ತೇ ಕೂತು ಮುಗಿಸಲಿ. ಆದರೆ ಬಿಸಿಯೂಟದ ಹೊತ್ತು, ಆಟದ ಪೀರಿಯಡ್ ಕಿತ್ತುಕೊಳ್ಳಬೇಡಿ. ಈ ರೂಲ್ಸನ್ನು ನೀವೊಬ್ಬರೇ ಮಾಡಬೇಡಿ, ಕ್ಲಾಸಿನ ಮಕ್ಕಳನ್ನೇ ಕೂರಿಸಿಕೊಂಡು ಮಾಡಿ, ಚಾರ್ಟಿನ ಮೇಲೆ ಬರೆಸಿ. ಆಗ "ಅವನಿಗೊಂದು, ನಮಗೊಂದು" ಅನ್ನುವ ಮಾತು ಬರೋದಿಲ್ಲ. ಅಪ್ಪನನ್ನು ಎಸ್‌ಡಿಎಂಸಿ ಸಭೆಗೆ ನಾವು ಕರೆಯುತ್ತೇವೆ. ದೂರು ಹೇಳಲು ಬೇಡ, ಮಾತಾಡಲು.

ಗಣಿತ ಟೀಚರ್, ತಿಪಟೂರು ಕಡೆ:
ಹತ್ತು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಟೈಮ್‌ಟೇಬಲ್ ನೋಡಿದೆ. ಸೋಮ, ಮಂಗಳ, ಗುರು, ಶುಕ್ರ. ನಾಲ್ಕೂ ದಿನ ಮೊದಲ ಪೀರಿಯಡ್ ನನ್ನದೇ. ಬುಧವಾರ ಮೊದಲು ಕನ್ನಡ. ಅವತ್ತು ಅವನು ಎಲ್ಲರಿಗಿಂತ ಮುಂಚೆ ಬಂದು ಗಿಡಕ್ಕೆ ನೀರು ಹಾಕುತ್ತಾನಂತೆ. ಅದನ್ನು ಕೇಳಿ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಶಾಲೆ ಬಿಟ್ಟ ಮೇಲೆ ಅವನನ್ನು ಒಬ್ಬನನ್ನೇ ಕೂರಿಸಿಕೊಂಡೆ. ಆರರ ಮಗ್ಗಿ ದಾಟುವುದಿಲ್ಲ. ಕೆಳಗಿನ ಕ್ಲಾಸಿಗೆ ಕಳಿಸಿದರೆ ಅವಮಾನ ಆಗುತ್ತೆ ಅಂತ, ನಾಲ್ಕು, ಐದನೇ ತರಗತಿಯವರ ಗಣಿತ ಕಲಿಕಾ ಆಂದೋಲನದ (ವಸ್ತುಗಳನ್ನಿಟ್ಟು ಗಣಿತ ಕಲಿಸುವ ಕಾರ್ಯಕ್ರಮ) ಕಿಟ್ಟನ್ನೇ ನನ್ನ ರೂಮಿಗೆ ತಂದುಕೊಂಡೆ. ಹತ್ತರ ಕಡ್ಡಿ, ಬಿಡಿ ಬ್ಲಾಕುಗಳನ್ನು ಇಟ್ಟು ದಿನಾ ಇಪ್ಪತ್ತು ನಿಮಿಷ ಹಂಚುವುದನ್ನು ಮಾಡಿಸುತ್ತಿದ್ದೇನೆ. ನೀನು ಕೈ ಎತ್ತುವ ತನಕ ಬೋರ್ಡಿಗೆ ಕರೆಯೋದಿಲ್ಲ ಅಂತ ಮಾತು ಕೊಟ್ಟಿದ್ದೇನೆ.

ಮಕ್ಕಳು ಮಾಡಿದ ರೂಲ್ಸು ಗೋಡೆ ಮೇಲಿದೆ. ಯಾರೇ ಬೋರ್ಡಿನ ಹತ್ತಿರ ತಪ್ಪು ಮಾಡಿದರೂ ನಗಬಾರದು ಅಂತ ಅವರೇ ಸೇರಿಸಿದರು. ಈ ವಾರ ಅವನು ಒಂದು ದಿನ ಮಾತ್ರ ತಡ. ನಿನ್ನೆ 84ನ್ನು 4ರಿಂದ ಭಾಗಿಸಿ, ಕೈ ಎತ್ತದೆ, ಸ್ಲೇಟನ್ನು ನನ್ನ ಮೇಜಿನ ಮೇಲಿಟ್ಟು ಓಡಿಹೋದ. ಉತ್ತರ ಸರಿಯಿತ್ತು.