ಥಂಡ್ಯಾಗ ಕಾರಂಜಾ ಹಿನ್ನೀರಿನ ಮರಲ್: ಬೆನ್ನತ್ತಿ ಬರ್ತದ, ಕಚ್ಚಂಗಿಲ್ಲ

ಭಾಲ್ಕಿ ಗಾಳ:
ಡಿಸೆಂಬರ್ ಹಿಡಿದ ಮ್ಯಾಲ ಬೀದರ್ ಜಿಲ್ಲೆಯ ಕಾರಂಜಾ ಡ್ಯಾಮಿನ ಹಿನ್ನೀರಾಗ ಮರಲ್ (ಹಾವಿನ ತಲಿ ಮೀನು) ನಾ ಒಗೆಯೋ ಫ್ರಾಗ್, ಅಂದ್ರ ರಬ್ಬರ್ ಕಪ್ಪಿ ಗಾಳದ ಹಿಂದ ದಂಡಿ ತನಕ ಬಂದು ತಿರುಗಿ ಹೋಗ್ತದ. ಕಚ್ಚಿದ್ರೂ ಅರ್ಧಕ್ಕ ಬಿಡ್ತದ. ನನ್ನ ಸಾಮಾನು: 7 ಅಡಿ ಮೀಡಿಯಂ ಹೆವಿ ರಾಡ್, 40 ಪೌಂಡ್ ಬ್ರೇಡ್ (ಹೆಣೆದ ಲೈನ್), 6 ಸೆಂ.ಮೀ. ಪೊಳ್ಳು ಫ್ರಾಗ್. ಹೊತ್ತು ಮುಂಜಾನಿ 6ರಿಂದ 9. ಅಮೆರಿಕದಾಗ ಮಸ್ಕಿ ಅನ್ನೋ ದೊಡ್ಡ ಬೇಟೆ ಮೀನು ಹಿಡಿಯೋರು ಚಳಿ ಬಂದಂಗ ದೊಡ್ಡ ಲೂರ್ (ನಕಲಿ ಮೀನು) ಹಾಕ್ತಾರ, ಅದು ದೋಣಿ ಹತ್ರ ಬಂದಾಗ ರಾಡ್ ತುದಿ ನೀರಾಗಿಟ್ಟು ಎಂಟರ ಆಕಾರಕ್ಕ ತಿರುವ್ತಾರ. ಇಲ್ಲಿ ಅದು ನಡೀತದೇನ್ರಿ?

ಮಾಂಜ್ರಾ ದಂಡಿ:
ದೊಡ್ಡದು ಬ್ಯಾಡ್ರಿ. ಮಸ್ಕಿ ಥಂಡಿ ದೇಶದ ಮೀನು. ವಿಸ್ಕಾನ್ಸಿನ್, ಮಿನ್ನೆಸೋಟಾ ಕಡೆ ನೀರು 10 ಡಿಗ್ರಿಗಿಂತ ಕೆಳಗಿಳಿದು, ರಾಡಿನ ಗೈಡಿನಾಗ (ಲೈನ್ ಹಾಯೋ ಉಂಗುರ) ನೀರು ಹೆಪ್ಪುಗಟ್ಟೋ ಹೊತ್ತಿನಾಗೂ ಅದು ತಿಂತದ. ಹೆಣ್ಣಿನ ಹೊಟ್ಟ್ಯಾಗ ಮುಂದಿನ ವಸಂತದ ತತ್ತಿ ಬೆಳೀತಿರ್ತಾವ. ಅದಕ್ಕ 30 ಸೆಂ.ಮೀ. ಜೀವಂತ ಮೀನು ಕಟ್ಟಿದ್ರೂ ನುಂಗ್ತದ. ನಮ್ಮ ಮರಲ್ ಬಿಸಿಲು ನಾಡಿಂದು. ನೀರು 20 ಡಿಗ್ರಿ ಹತ್ರ ಇಳೀತಂದ್ರ ಮೈ ಜಡ ಆಗ್ತದ, ತಿಂದದ್ದು ಕರಗೋದು ತಡ, ಹಸಿವಿ ಕಮ್ಮಿ. ಮಳೆಗಾಲದಾಗ ಮರಿ ಕಾಯೋ ಮರಲ್ ಹಸಿವಿ ಇರ್ಲಿ ಬಿಡ್ಲಿ, ಸಿಟ್ಟಿಗೇ ಹೊಡೀತದ. ಈಗ ಆ ಸಿಟ್ಟೂ ಇಲ್ಲ. ಹಂಗಾಗಿ 4 ಸೆಂ.ಮೀ. ಫ್ರಾಗಿಗೆ ಇಳೀರಿ.

ಅದಕ್ಕೂ ಮೊದಲು ಹೊತ್ತು ಬದಲ್ಸ್ರಿ. ಮುಂಜಾನಿ 6ಕ್ಕ ದಂಡಿ ನೀರು ಇಡೀ ದಿನದಾಗ ಅತಿ ತಣ್ಣಗ ಇರ್ತದ. 11:30ರಿಂದ 4 ಗಂಟೆ ಖರೇ ಹೊತ್ತು. ಈ ತಿಂಗಳಾಗ ಸೂರ್ಯ ದಕ್ಷಿಣಕ್ಕ ವಾಲಿರ್ತಾನ, ಗಾಳಿ ಈಶಾನ್ಯದ್ದು. ಹಿನ್ನೀರಿನ ಉತ್ತರ ದಂಡಿಗೆ ಬಿಸಿಲೂ ನೇರ ಬೀಳ್ತದ, ಗಾಳಿನೂ ತಾಕಂಗಿಲ್ಲ. ಅಲ್ಲಿ ಒಂದು-ಒಂದೂವರೆ ಅಡಿ ನೀರು, ಕರಿ ಕೆಸರು, ಒಣಗಿದ ಜೊಂಡು, ಪಕ್ಕಕ್ಕೇ 5 ಅಡಿ ಆಳ ಇರೋ ಜಾಗ ಹುಡುಕ್ರಿ. ಬರೇ ತೆಳು ನೀರಿದ್ರ ರಾತ್ರಿ ಮೀನು ನಿಲ್ಲಂಗಿಲ್ಲ.

ಎಂಟು ತಿರುವೋದು ದೋಣ್ಯಾಗ ನಿಂತು ಆಳ ನೀರಾಗ ಮಾಡೋ ಕೆಲಸ. ತೆಳು ದಂಡ್ಯಾಗ ಮರಲ್ ನಿಮ್ಮ ನೆರಳು ನೋಡೇ ತಿರುಗ್ತದ. ನೀರಿನಿಂದ ಎರಡು-ಮೂರು ಮೀಟರ್ ಹಿಂದ ನಿಲ್ರಿ. ಕಡೀ ಎರಡು ಮೀಟರದಾಗ ಫ್ರಾಗ್ ಪೂರಾ ನಿಲ್ಲಿಸಿ ಹತ್ತು ಎಣಿಸ್ರಿ. ಆಮ್ಯಾಲ ಒಂದೇ ಒಂದು ಸಣ್ಣ ಜಗ್ಗು. ಬೆನ್ನತ್ತಿ ಬಂದದ್ದು ಬಹಳ ಸಲ ಆ ಜಗ್ಗಿಗೇ ಕಚ್ತದ.

ಭೀಮಾ ಸೆಳವು:
ಅರ್ಧಕ್ಕ ಬಿಡೋದಕ್ಕ ಕಾರಣ ಬ್ಯಾರೆ. ಪೊಳ್ಳು ಫ್ರಾಗಿನ ಎರಡು ಹುಕ್ ಬೆನ್ನಿಗೆ ಒತ್ತಿಕೊಂಡಿರ್ತಾವ. ಬ್ಯಾಸಗ್ಯಾಗ ಮರಲ್ ಜೋರಾಗಿ ಕಚ್ಚಿ ರಬ್ಬರ್ ಅವುಚ್ತದ, ಹುಕ್ ಹೊರಗ ಬರ್ತದ. ಥಂಡ್ಯಾಗ ತುಟೀಲೆ ಹಿಡೀತದ ಅಷ್ಟ. ಇಕ್ಕಳದಾಗ ಹುಕ್ಕಿನ ಮೊನೆ 2 ಮಿ.ಮೀ. ಮ್ಯಾಲಕ್ಕ ಎತ್ರಿ. ಜಾಸ್ತಿ ಎತ್ತಿದ್ರ ಜೊಂಡಿಗೆ ಸಿಗ್ತದ. ಮೊನೆ ಉಗುರಿನ ಮ್ಯಾಲ ಜಾರಿದ್ರ ಮೊಂಡಾಗ್ಯದ ಅಂತ ಅರ್ಥ, ಉಜ್ಜಿ ಚೂಪು ಮಾಡ್ರಿ. ಫ್ರಾಗಿನಾಗ ನೀರು ತುಂಬಿದ್ರ ಅದು ಬಾಲ ಮುಳುಗಿಸಿ ಕೂಡ್ತದ. ನಾಕು ಸಲಕ್ಕೊಮ್ಮೆ ಹಿಂಡ್ರಿ.

ಸಪ್ಪಳ ಕೇಳಿದ ಕೂಡ್ಲೇ ಎಳೀಬ್ಯಾಡ್ರಿ. ರಾಡ್ ತುದಿ ತಗ್ಗಿಸಿ, ಸಡಿಲ ಲೈನ್ ಸುತ್ತಿ, ಮೀನಿನ ಭಾರ ಕೈಗೆ ಬಂದ ಮ್ಯಾಲ ಎಳೀರಿ.

ಭಾಲ್ಕಿ ಗಾಳ:
ಹೊತ್ತಿನ ಮಾತು ತಿಳೀತ್ರಿ. ಬಂಗಾಳ ಕೊಲ್ಲಿ ಕಡೆ ತೂಫಾನ್ ಎದ್ದು ಮೂರು ದಿನ ಮೋಡ ಮುಚ್ಚಿದ್ರ?

ಬೆಣ್ಣೆತೊರಾ ಕಟ್ಟೆ:
ಅವಾಗ ತೆಳು ನೀರು ಕಾಯಂಗಿಲ್ಲ, ಮರಲ್ ಜೊಂಡಿನ ಹೊರಗಿನ ಅಂಚಿಗೆ, 4-6 ಅಡಿಗೆ ಸರೀತದ. ಫ್ರಾಗ್ ಬಿಟ್ಟು 8 ಸೆಂ.ಮೀ. ಮೆತ್ತನ ರಬ್ಬರ್ ಮೀನು, 3/0 ಅಳತಿಯ ಅಗಲ ಬಾಯಿ ಹುಕ್, ಹುಕ್ಕಿನ ಕಾಲಿಗೆ (ಉದ್ದ ಕಡ್ಡಿಗೆ) 3 ಗ್ರಾಂ ಸೀಸ. ನೆಲ ಮುಟ್ಟಾಕ ಬಿಡ್ರಿ, ಒಂದು ಮೊಳ ಎಳೀರಿ, ಮತ್ತ ಬಿಡ್ರಿ. ಇದರಾಗ ಕಾಯೋ ಮಾತಿಲ್ಲ. ಲೈನ್ ಟಕ್ ಅಂದ್ರ ಎಳೀಬೇಕು, ತಡ ಆದ್ರ ಹುಕ್ ಗಂಟಲಿಗಿಳೀತದ.

ಅಕ್ವೇರಿಯಂ ಥರ್ಮಾಮೀಟರ್ ಒಂದು ದಾರಕ್ಕ ಕಟ್ಟಿಕೊಳ್ರಿ. ಒಂದಡಿ ಆಳಕ್ಕ ಎರಡು ನಿಮಿಷ ಬಿಟ್ಟು ನೋಡಿ, ಎರಡು-ಮೂರು ಕಡೆ ಹೋಲಿಸ್ರಿ. ಒಂದೂವರೆ ಡಿಗ್ರಿ ಹೆಚ್ಚಿದ್ದ ಮೂಲ್ಯಾಗ ಮೊದಲು ಒಗೀರಿ. ಮರಲ್ ಉಸಿರಿಗೆ ಮ್ಯಾಲ ಬರ್ಲೇಬೇಕು, ಆದ್ರ ಥಂಡ್ಯಾಗ ಕಮ್ಮಿ ಬರ್ತದ. ಗುಳುಕ್ ಅಂದ ಉಂಗುರ ಕಂಡ್ರ ಅದರ ಮ್ಯಾಲೇ ಒಗೀಬ್ಯಾಡ್ರಿ, ಎರಡು ಮೀಟರ್ ಆಚೆ ಒಗೆದು ಅಲ್ಲಿಗೆ ತರ್ರಿ. ಕಾಲುವೆಗೆ ನೀರು ಬಿಟ್ಟು ಮಟ್ಟ ಇಳಿಯೋ ದಿನ ತೆಳು ದಂಡಿ ಬಿಟ್ಟೇಬಿಡ್ರಿ.

ಒಗೆಯೋಕಿಂತ ಮೊದಲು ಅಲ್ಲಿ ಮೀನು ಹಿಡಿಯೋ ಹಕ್ಕು ಯಾವ ಸಂಘದ್ದು ಅಂತ ಮೀನುಗಾರಿಕೆ ಇಲಾಖೆಯಾಗ ಕೇಳ್ರಿ, ಅವರ ಒಪ್ಪಿಗಿ ತಗೋರಿ. ಬಲೆ ಕಟ್ಟಿದ ಕಡೆ ಹೋಗ್ಬ್ಯಾಡ್ರಿ.

ಭೀಮಾ ಸೆಳವು:
ರಬ್ಬರ್ ಮೀನಿಗೆ ಬಾಳೆ ಮೀನೂ ಬೀಳ್ತದ. ಅದರ ಸಣ್ಣ ಹಲ್ಲು ಲೈನ್ ಉಜ್ಜಿ ಕಡೀತಾವ. ಆಳಕ್ಕ ಹೋದ್ರ 20 ಸೆಂ.ಮೀ. ಸ್ಟೀಲ್ ಲೀಡರ್ (ಲೈನಿಗೂ ಹುಕ್ಕಿಗೂ ನಡುವಿನ ತಂತಿ) ಹಾಕ್ರಿ. ಬಾಳೆ ಅಳಿವಿನ ಭೀತಿ ಇರೋ ಜಾತಿ ಅದ. ಕೈ ಒದ್ದಿ ಮಾಡ್ಕೊಂಡು, ನೀರಾಗ ಇಟ್ಟೇ ಉದ್ದ ಮೂತಿ ಇಕ್ಕಳದಾಗ ಹುಕ್ ತೆಗೆದು ಬಿಟ್ಟುಬಿಡ್ರಿ.