ಆ ನಾಯಿ ಇನ್ನೂ ನಗುತ್ತಿದೆ

ಶ್ರೀಧರ ಬಂದು ಕುಳಿತ ರೀತಿ ನೋಡಿದರೆ ಮನೆಯಲ್ಲಿ ಯಾರೋ ಹೋಗಿರಬೇಕು ಎನ್ನಿಸಿತು. ಮೆಲ್ಲನೆ ವಿಚಾರಿಸಿದೆವು.

"ಬ್ಯಾಟರಿ ಹೋಯಿತು," ಎಂದ.

"ಕಾರಿನದೋ, ಮೊಬೈಲಿನದೋ?"

"ಜೆಲ್ಡಾದ್ದು."

ಚೀಲದಿಂದ ಚಿನ್ನದ ಬಣ್ಣ ಮಾಸಿದ ವಿಡಿಯೋ ಗೇಮ್ ಕಾರ್ಟ್ರಿಡ್ಜ್ ತೆಗೆದು ಮೇಜಿನ ಮೇಲಿಟ್ಟ. 1987ರ ಮಾಲು. ಒಳಗೆ ನಾಣ್ಯದಂಥ ಬ್ಯಾಟರಿ. ಆಟ ಎಲ್ಲಿಯವರೆಗೆ ಬಂದಿದೆ ಎಂಬ ನೆನಪನ್ನು ಕಾಯುವುದಷ್ಟೇ ಅದರ ಕೆಲಸ. ಅದು ಸತ್ತರೆ ಆಟ ಉಳಿಯುತ್ತದೆ, ಆಡಿದವನು ಅಳಿಸಿಹೋಗುತ್ತಾನೆ.

"ಹೊಸದು ಹಾಕಿಸಿದರಾಯಿತಲ್ಲ?" ಎಂದಳು ವಸುಧಾ.

"ಹಾಕಿಸಬಹುದು. ಅದಕ್ಕೆ ನಾನು ಯಾರೆಂದೇ ಗೊತ್ತಿರುವುದಿಲ್ಲ."

ಎಲ್ಲರಿಗಿಂತ ಜೋರಾಗಿ ನಕ್ಕವಳು ವಸುಧಾ. ಲೆಕ್ಕಪರಿಶೋಧಕಿ, ಕಣ್ಣೀರಿಗೂ ರಸೀದಿ ಕೇಳುವವಳು. ಆದರೆ ನಗು ಮುಗಿಯುವ ಮೊದಲೇ ಅವಳ ಬಾಯಿಂದಲೂ ಒಂದು ಗುಟ್ಟು ಜಾರಿತು. 1978ರ ಸ್ಪೇಸ್ ಇನ್ವೇಡರ್ಸ್ ಆಟವನ್ನು ಅವಳು ಎಂದೂ ಪೂರ್ತಿ ಆಡುವುದಿಲ್ಲವಂತೆ.

"ಅನ್ಯಗ್ರಹದಿಂದ ದಾಳಿಗೆ ಬರುವವರು 55 ಜನ. 54 ಮಂದಿಯನ್ನು ಉರುಳಿಸಿದ ಮೇಲೆ ಒಬ್ಬ ಉಳಿಯುತ್ತಾನಲ್ಲ, ಪಾಪ, ಎಷ್ಟು ಗಾಬರಿಯಿಂದ ಆ ಕಡೆಗೂ ಈ ಕಡೆಗೂ ಓಡಾಡುತ್ತಾನೆ! ಅವನನ್ನು ಹೊಡೆಯಲು ಕೈ ಬರುವುದಿಲ್ಲ."

"ಗಾಬರಿಯೂ ಇಲ್ಲ, ಮಣ್ಣೂ ಇಲ್ಲ," ಎಂದ ನಾಗರಾಜ. ಎಲ್ಲದಕ್ಕೂ ಇವನ ಬಳಿ ಕಾರಣವೊಂದು ಸಿದ್ಧವಿರುತ್ತದೆ, ಅದು ನಮ್ಮ ಗ್ರಹಚಾರ. "ಆಗಿನ ಪ್ರೊಸೆಸರ್ ನಿಧಾನ. ಚಿತ್ರಿಸಬೇಕಾದವರು ಕಡಿಮೆಯಾದಷ್ಟೂ ಉಳಿದವರ ವೇಗ ಹೆಚ್ಚುತ್ತದೆ. ಆಟ ರೂಪಿಸಿದ ತೊಮೊಹಿರೊ ನಿಶಿಕಾಡೊ ಅದನ್ನು ಹಾಗೆಯೇ ಬಿಟ್ಟರು."

"ಅಂದರೆ, ಬಳಗವೆಲ್ಲ ಸತ್ತ ಮೇಲೆ ಅವನ ಮೈ ಹಗುರವಾಯಿತು ಎನ್ನುತ್ತೀಯಾ? ಕಟುಕ!"

ಕಟುಕ ನಿಲ್ಲಿಸಲಿಲ್ಲ. "1985ರ ಸೂಪರ್ ಮಾರಿಯೋದಲ್ಲಿ ಮೋಡವೂ ಪೊದೆಯೂ ಒಂದೇ ಚಿತ್ರ. ಬಿಳಿ ಬಳಿದರೆ ಮೋಡ, ಹಸಿರು ಬಳಿದರೆ ಪೊದೆ. ಇದಕ್ಕೆಲ್ಲ ಯಾರಾದರೂ ಮನಸ್ಸು ಕೊಡುತ್ತಾರೆಯೇ?"

"ಅದನ್ನು ಇವತ್ತೇ ಹೇಳಬೇಕಿತ್ತೇ?" ಎಂದು ಶ್ರೀಧರ ಕಾರ್ಟ್ರಿಡ್ಜನ್ನು ಎದೆಗವಚಿಕೊಂಡ.

ನನಗೆ ತಡೆಯಲಾಗಲಿಲ್ಲ. "ಹಾಗಾದರೆ ನಾಗರಾಜ, ನಿನ್ನ ಮನೆಯ ಮೂಲೆಯಲ್ಲಿ ಆ ಡಬ್ಬಾ ಟಿವಿ ಏಕಿದೆ?"

ಅವನು ಗಂಟಲು ಸರಿಮಾಡಿಕೊಂಡ. "ಡಕ್ ಹಂಟ್ ಆಟಕ್ಕೆ. ಅದರ ಆಟಿಕೆ ಬಂದೂಕಿನ ಕುದುರೆ ಎಳೆದಾಗ ಪರದೆ ಒಂದು ಕ್ಷಣ ಕಪ್ಪಾಗಿ, ಬಾತುಕೋಳಿ ಇದ್ದಲ್ಲಿ ಬಿಳಿ ಚೌಕ ಮೂಡುತ್ತದೆ. ಆ ಬೆಳಕು ಬಂದೂಕಿಗೆ ಕಂಡರೆ ಏಟು ಬಿದ್ದಂತೆ. ಹೊಸ ಟಿವಿಗಳಲ್ಲಿ ಚಿತ್ರ ಬರುವುದು ತುಸು ತಡ, ಲೆಕ್ಕ ತಪ್ಪುತ್ತದೆ."

"ವಿಜ್ಞಾನ ಸಾಕು. ವಿಷಯಕ್ಕೆ ಬಾ."

"ಹಕ್ಕಿ ತಪ್ಪಿಸಿಕೊಂಡರೆ ಹುಲ್ಲಿನಿಂದ ಒಂದು ನಾಯಿ ಎದ್ದು, ಬಾಯಿಗೆ ಕೈ ಅಡ್ಡ ಹಿಡಿದು ಕಿಸಕ್ಕನೆ ನಗುತ್ತದೆ. ಎಷ್ಟು ಗುಂಡು ಹಾರಿಸಿದರೂ ಅದಕ್ಕೆ ತಗಲುವುದಿಲ್ಲ. ಚಿಕ್ಕಂದಿನಲ್ಲಿ ಅದೆಷ್ಟು ರಾತ್ರಿ ಹಲ್ಲು ಕಡಿದಿದ್ದೇನೋ."

"ಈಗ ಗುರಿ ಕುದುರಿರಬೇಕಲ್ಲ? ಹಕ್ಕಿ ತಪ್ಪುವುದಿಲ್ಲ ತಾನೆ?"

ನಾಗರಾಜ ಮೇಜಿನ ಮೇಲೆ ಬೆರಳಿನಿಂದ ಗೆರೆ ಎಳೆಯುತ್ತಾ ಕುಳಿತ.

"ಒಮ್ಮೊಮ್ಮೆ ಬೇಕೆಂದೇ ತಪ್ಪಿಸುತ್ತೇನೆ," ಎಂದ. "ಅದರ ಮುಖ ನೋಡಿ ಬಹಳ ದಿನವಾಗಿರುತ್ತದೆ."